ನೆರಳೇ ಇಲ್ದವನಿಗೆ ನೆರಳು ಮಾಡೋ ಕೆಲ್ಸ

ಕಡೀಗೂ ನಿನ್ನೆ ರಾತ್ರಿ ನೆರಳು ನೆಟ್ಟಗ ಬಿತ್ರಿ! ಗೂನು ಬೆನ್ನು, ಉದ್ದುದ್ದ ಬೆರಳು, ಎಲ್ಲಾ ಬಂತು. 1922ರ ನೊಸ್ಫೆರಾಟು ಅನ್ನೋ ವ್ಯಾಂಪೈರ್ (ರಕ್ತ ಕುಡಿಯೋ ಪಿಶಾಚಿ) ಸಿನಿಮಾದಾಗ ಕೌಂಟ್, ಅಂದ್ರ ಆ ಪಿಶಾಚಿ ದೊರಿ, ಅವನ ನೆರಳು ಮೆಟ್ಟಿಲು ಹತ್ತೋ ಸೀನ್ ಅದ, ಅದರ ಡಯೊರಾಮಾ, ಅಂದ್ರ ಗೊಂಬಿ ಇಟ್ಟ ಪುಟ್ಟ ಮಾದರಿ, ಮಾಡ್ಲಕತ್ತೀನಿ. ಸನ್‌ಬೋರ್ಡ್ (ಹಗುರ ಫೋಮ್ ಹಾಳಿ) ಕತ್ತರಿಸೋದು, ಪೇಂಟ್ ಹೊಡಿಯೋದು ನಿಮಗೆಲ್ಲಾ ಗೊತ್ತಿದ್ದದ್ದೇ, ಬಿಡ್ರಿ. ಮೂರು ವಾರ ನನ್ನ ಜೀವ ತಿಂದದ್ದು ನೆರಳು.

ಮೊದ್ಲು ಎಲ್‌ಇಡಿ ಸ್ಟ್ರಿಪ್ ಹಚ್ಚಿದ್ದೆ. ಒಂದು ಕೈಗೆ ಆರಾರು ನೆರಳು, ಕೌಂಟ್ ಹೋಗಿ ರಾವಣ ಆದ. ಸಾಲಾಗಿ ಅಷ್ಟು ದೀಪ ಇದ್ರ ಒಂದೊಂದಕ್ಕೂ ಒಂದೊಂದು ನೆರಳು ಬೀಳ್ತದ ಅಂತ ತಲಿಗೆ ಹೊಳೀಲಿಕ್ಕೆ ನಾಕು ದಿನ ಬೇಕಾಯ್ತು ನೋಡ್ರಿ. ಆಮ್ಯಾಲ ಬಲ್ಬ್ ಹಾಕಿದೆ, ಹಾಲಿನ ಬಣ್ಣದ ಬುರುಡಿಯಿಂದ ಬೆಳಕು ಅಗಲಾಗಿ ಬಂದು ಅಂಚೆಲ್ಲ ಮಸುಕಾಗಿ ಬೆರಳೆಲ್ಲ ಕೂಡಿ ಹೋದ್ವು. ನಮ್ಮವ್ವ ಬಂದು ನೋಡಿ "ಯಾರಿಂವ, ಕೈಗೆ ಬ್ಯಾಂಡೇಜ್ ಸುತ್ಯಾರೇನು?" ಅಂದ್ಳು.

ಒಂಟಿ ಎಲ್‌ಇಡಿ ಆನ್‌ಲೈನ್ದಾಗ ತರಿಸಿದ್ರ ಬಂದದ್ದು ಗಣಪತಿ ಮಂಟಪದ ಸೀರಿಯಲ್ ಲೈಟು! ವಾಪಸ್ ತಗೋರಿ ಅಂದ್ರ ಡಬ್ಬಿ ಫೋಟೊ ಕಳಸ್ರಿ ಅಂತಾನ, ಡಬ್ಬಿ ಅಕ್ಕನ ಮಗ ಹರದು ಬಸ್ ಮಾಡ್ಯಾನ.

ನಿನ್ನೆ ಕರೆಂಟ್ ಹೋಯ್ತು. ತಮ್ಮ ಮೊಬೈಲ್ ಟಾರ್ಚ್ ಹಾಕ್ದ, ಗ್ವಾಡಿ ಮ್ಯಾಲ ನನ್ನ ಬೆರಳು ಬ್ಲೇಡಿನಂಗ ಕಂಡ್ವು. ಬೆಳಕು ಹುಟ್ಟೋ ಜಾಗ ಎಷ್ಟು ಸಣ್ಣದೋ ಅಂಚು ಅಷ್ಟು ಚೂಪು! ಹಳೇ ಟಾರ್ಚಿನ ಗಾಜು, ರಿಫ್ಲೆಕ್ಟರ್ ಕಿತ್ತು ಬರೇ ಎಲ್‌ಇಡಿ ಚಿಪ್ ಇಟ್ಟೆ. ದೀಪದಿಂದ ಗೊಂಬಿ 20 ಸೆಂಟಿಮೀಟರ್, ಗ್ವಾಡಿ 60, ಹಿಂಗಾಗಿ 7 ಸೆಂಟಿಮೀಟರ್ ಗೊಂಬಿಗೆ 21ರ ನೆರಳು. ಗೊಂಬಿನ ದೀಪಕ್ಕ ಇನ್ನೂ ಹತ್ತಿರ ತಂದ್ರ ನೆರಳು ದೊಡ್ಡದಾಗ್ತದ ಖರೆ, ಮತ್ತ ಮಸುಕು ಚಾಲೂ.

ಮಜಾ ಏನಂದ್ರ, ಈ ಸಿನಿಮಾಕ್ಕ ಮೂಲ ಬ್ರಾಮ್ ಸ್ಟೋಕರ್ ಬರದ 1897ರ ಡ್ರಾಕುಲಾ ಕಾದಂಬರಿ, ಅದರಾಗ ಕೌಂಟ್ ಡ್ರಾಕುಲಾಗ ನೆರಳೇ ಇಲ್ರಿ! ಸಿನಿಮಾದ ಡೈರೆಕ್ಟರ್ ಮುರ್ನಾವ್ ಅದನ್ನ ಉಲ್ಟಾ ಮಾಡಿ ನೆರಳಿಗೇ ಸಿನಿಮಾ ಕೊಟ್ಟ. ಬಿಸಿಲಿಂದೂ ಹಂಗೇ. ಸ್ಟೋಕರ್‌ನ ಕೌಂಟ್ ಹಗಲಿನ್ಯಾಗೇ ಲಂಡನ್ ತಿರಗತಾನ, ಶಕ್ತಿ ಕಮ್ಮಿ ಅಷ್ಟೇ, ಸಾಯೋದು ಚಾಕು ಏಟಿಗೆ. ಬಿಸಿಲು ಬಿದ್ದು ಹೊಗಿ ಆಗಿ ಹೋಗೋದು ಈ ಸಿನಿಮಾದಾಗ. 2008ರ ಟ್ವೈಲೈಟ್ ಸಿನಿಮಾದ ವ್ಯಾಂಪೈರ್‌ಗಳು ಬಿಸಿಲಿಗೆ ಫಳಫಳ ಹೊಳೀತಾರ, ನಮ್ಮ ಕಲಬುರಗಿ ಮೇ ತಿಂಗಳದಾಗ ನಿಂದ್ರಸಬೇಕಿತ್ತು ಅವ್ರನ್ನ. ಮಾಳಗಿ ಮ್ಯಾಲಿನ ತಗಡಿನ ಕೋಣ್ಯಾಗ ಇಟ್ಟಿದ್ದಕ್ಕ ಗ್ಲೂಗನ್ ಅಂಟು ಮೆತ್ತಗಾಗಿ ನನ್ನ ಕೌಂಟ್ ಮಾರಿ ಕೆಳಗ ಮಾಡಿ ಬಿದ್ದಿದ್ದ, ಕ್ಲೈಮ್ಯಾಕ್ಸ್ ಶೂಟಿಂಗ್ ಫ್ರೀ. ಈಗ ಅರಾಲ್ಡೈಟ್.

ಮುಂದಿನ್ದು ಕಾದಂಬರಿಯ ಗಡ್ಡ ಬೋಳಿಸೋ ಕನ್ನಡಿ ಸೀನ್. ಕೌಂಟ್ ಮನಿಗೆ ಬಂದ ಅತಿಥಿ ಜೊನಾಥನ್ ಗಡ್ಡ ಬೋಳಿಸ್ಕೊಳ್ತಿರ್ತಾನ, ಅವನ ಹಿಂದ ಕೌಂಟ್ ನಿಂತಾನ, ಕನ್ನಡಿದಾಗ ಇಲ್ಲ. ಕನ್ನಡಿನೇ ಹಾಕಂಗಿಲ್ಲ, ಬರೇ ಚೌಕಟ್ಟು, ಅದರಾಚಿ ಅದೇ ಕೋಣಿ ಎಡಬಲ ಮಾಡಿ ಕಟ್ಟೋದು. ಜೊನಾಥನ್ ಇಬ್ರು ಬೇಕು, ಒಬ್ಬ ಬಲಗೈ, ಒಬ್ಬ ಎಡಗೈ. ಬಲಗೈಯವ ತಯಾರಾಗ್ಯಾನ. ಎಡಗೈಯವನ ಗಲ್ಲಕ್ಕ ನೊರಿ ಹಚ್ಚಿ ಒಣಗ್ಲಿಕ್ಕೆ ಇಟ್ಟೀನಿ, ಬೆಕ್ಕು ಅಲ್ಲೇ ಮಗ್ಗಲದಾಗ ಕುಂತದ.