ಅರೆನಿದ್ದೆಯ ವಿಂಡೋಸ್, ಬೀಗ ಬಿದ್ದ ಪಾರ್ಟಿಷನ್

ಒಂದೇ ಕಂಪ್ಯೂಟರಿನಲ್ಲಿ ವಿಂಡೋಸ್, ಉಬುಂಟು ಲಿನಕ್ಸ್ ಎರಡೂ ಇವೆ. ಬೆಳಿಗ್ಗೆ ಉಬುಂಟು ಬೂಟ್ ಮಾಡಿ, ಎರಡೂ ಕಡೆಯಿಂದ ಬಳಸುವ ‘ಡೇಟಾ’ ಪಾರ್ಟಿಷನ್ನಿಗೆ (ಎನ್‌ಟಿಎಫ್‌ಎಸ್ ಎಂಬ ವಿಂಡೋಸ್ ಫಾರ್ಮ್ಯಾಟಿನಲ್ಲಿರುವ ಡಿಸ್ಕಿನ ಭಾಗ) ಒಂದು ಫೈಲ್ ಹಾಕಹೋದರೆ ಪೇಸ್ಟ್ ಆಯ್ಕೆಯೇ ಮಂಕಾಗಿತ್ತು. ರಾತ್ರಿ ವಿಂಡೋಸಿನಲ್ಲಿ ಎಲ್ಲ ಸರಿ ಇತ್ತು, ಶಟ್‌ಡೌನ್ ಕೂಡ ಕ್ರಮವಾಗಿಯೇ ಆಗಿತ್ತು. ಡಿಸ್ಕ್ ಹೋಯ್ತು ಅಂದುಕೊಳ್ಳುವ ಮುಂಚೆ ಟರ್ಮಿನಲ್ಲಿನಲ್ಲಿ ಕೈಯಾರೆ ಮೌಂಟ್ ಮಾಡಿ (ಪಾರ್ಟಿಷನ್ ಜೋಡಿಸಿ) ನೋಡುವುದು ಒಳ್ಳೆಯದು. ಕಾರಣ ಅಲ್ಲೇ ಸಿಕ್ಕಿತು: ಮೆಟಾಡೇಟಾ (ಯಾವ ಫೈಲ್ ಎಲ್ಲಿದೆ ಎಂಬ ಲೆಕ್ಕ) ವಿಂಡೋಸಿನ ಕ್ಯಾಶ್‌ನಲ್ಲಿದೆ, ಹಾಗಾಗಿ ರೀಡ್-ಓನ್ಲಿ, ಅಂದರೆ ಓದಬಹುದು, ಬರೆಯಲಾಗದು.

ವಿಂಡೋಸ್ 8ರಿಂದ ಈಚೆಗೆ, ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ಒತ್ತಿದಾಗ ಮುಚ್ಚುವುದು ಬಳಕೆದಾರರ ಲಾಗಿನ್ ಮಾತ್ರ. ವಿಂಡೋಸಿನ ತಿರುಳಾದ ಕರ್ನಲ್‌ನ ಸ್ಥಿತಿ ಹೈಬರ್‌ಫಿಲ್.ಸಿಸ್ ಫೈಲಿಗೆ ಇಳಿದು ಮಲಗುತ್ತದೆ. ಮರುದಿನ ಏಳುವಾಗ ಡ್ರೈವಿನ ಲೆಕ್ಕ ಬಿಟ್ಟಲ್ಲೇ ಇದೆ ಅಂತ ಅದು ನಂಬಿರುತ್ತದೆ. ನಡುವೆ ಲಿನಕ್ಸ್ ಏನಾದರೂ ಬರೆದಿದ್ದರೆ ಹಳೇ ಲೆಕ್ಕದ ಮೇಲೆಯೇ ಬರೆದು ಫೈಲುಗಳನ್ನು ಕುಲಗೆಡಿಸೀತು. ಲಿನಕ್ಸ್ ಬಾಗಿಲು ಹಾಕಿಕೊಂಡದ್ದು ಉಪಕಾರವೇ ಆಯ್ತು.

ಆ ಹೊತ್ತಿನ ಮದ್ದು: ವಿಂಡೋಸಿಗೆ ಹೋಗಿ ರೀಸ್ಟಾರ್ಟ್ ಒತ್ತಿ, ಬೂಟ್ ಮೆನುವಿನಲ್ಲಿ ಲಿನಕ್ಸ್ ಆರಿಸುವುದು. ರೀಸ್ಟಾರ್ಟ್‌ಗೆ ಈ ಅರೆನಿದ್ದೆ ಇಲ್ಲ. ಕಾಯಂ ಮದ್ದು: ಅಡ್ಮಿನ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಪವರ್‌ಸಿಎಫ್‌ಜಿ /ಎಚ್ ಆಫ್’. ಹೈಬರ್ನೇಟ್ ಸೌಲಭ್ಯವೂ ಜೊತೆಗೇ ಹೋಗುತ್ತದೆ, ಆದರೆ ಸಿ ಡ್ರೈವಿನಲ್ಲಿ ಕೆಲವು ಜಿಬಿ ಜಾಗ ಉಳಿಯುತ್ತದೆ. ಅವಸರಕ್ಕೆ ಲಿನಕ್ಸಿನ ‘ಎನ್‌ಟಿಎಫ್‌ಎಸ್‌ಫಿಕ್ಸ್’ ಕಮಾಂಡ್ ಓಡಿಸುವವರಿದ್ದಾರೆ. ಅದು ಸಣ್ಣಪುಟ್ಟದ್ದು ಸರಿಪಡಿಸಿ ವಿಂಡೋಸಿಗೆ ಚೆಕ್ ಮಾಡಲು ಗುರುತು ಹಾಕುತ್ತದೆ, ಅಷ್ಟೇ. ನಿಜವಾದ ದುರಸ್ತಿ ವಿಂಡೋಸಿನ ‘ಚೆಕ್‌ಡಿಸ್ಕ್ /ಎಫ್’ನದೇ.

ಎನ್‌ಟಿಎಫ್‌ಎಸ್ ಗೋಜೇ ಬೇಡ ಅಂದರೆ ಬೇರೆ ಯಾವ ಫಾರ್ಮ್ಯಾಟ್ ಉಳಿಯುತ್ತದೆ? ಫ್ಯಾಟ್32ರಲ್ಲಿ 4 ಜಿಬಿ ಮುಟ್ಟಿದ ಫೈಲ್ ಕೂರುವುದಿಲ್ಲ. ಎಕ್ಸ್‌ಫ್ಯಾಟ್‌ಗೆ ಆ ಮಿತಿ ಇಲ್ಲ, ಆದರೆ ಜರ್ನಲ್ (ಮಾಡಹೊರಟ ಬದಲಾವಣೆಯ ಟಿಪ್ಪಣಿ) ಇಲ್ಲ. ಬರೆಯುತ್ತಿರುವಾಗ ಕರೆಂಟ್ ಹೋದರೆ ದೇವರೇ ಗತಿ. ಪೆನ್‌ಡ್ರೈವಿಗೆ ಸರಿ, ಒಳಗಿನ ಡಿಸ್ಕಿಗೆ ಎನ್‌ಟಿಎಫ್‌ಎಸ್ಸೇ ವಾಸಿ.

ಬೀಗ ತೆಗೆದ ಮೇಲೆ ಎಫ್‌ಎಸ್‌ಟ್ಯಾಬ್‌ನ (ಬೂಟ್ ಆಗುವಾಗ ಯಾವ ಪಾರ್ಟಿಷನ್ ಹೇಗೆ ಮೌಂಟ್ ಆಗಬೇಕೆಂದು ಹೇಳುವ ಲಿನಕ್ಸ್ ಫೈಲ್) ಸಾಲನ್ನೂ ತಿದ್ದಿದ್ದಾಯ್ತು. ‘ಎಲ್‌ಎಸ್‌ಬಿಎಲ್‌ಕೆ -ಎಫ್’ ತೋರಿಸಿದ ಯುಯುಐಡಿ (ಪಾರ್ಟಿಷನ್ನಿನ ಗುರುತು ಸಂಖ್ಯೆ), ಫೈಲುಗಳ ಒಡೆಯ ಮತ್ತು ಗುಂಪು ಯಾರೆಂದು ಹೇಳುವ ಯುಐಡಿ=1000, ಜಿಐಡಿ=1000, ಅನುಮತಿ ನಿರ್ಧರಿಸುವ ಯುಮಾಸ್ಕ್=022, ಜೊತೆಗೆ ‘ನೋಫೇಲ್’. ಈ ಕೊನೆಯದು ಇಲ್ಲದೆ ಪಾರ್ಟಿಷನ್ ಸಿಗದೇ ಹೋದರೆ ಬೂಟ್ 90 ಸೆಕೆಂಡ್ ಕಾದು ಎಮರ್ಜೆನ್ಸಿ ಮೋಡಿಗೆ ಬಿದ್ದುಬಿಡುತ್ತದೆ. ವಿಂಡೋಸ್ ಒಪ್ಪದ ಹೆಸರುಗಳನ್ನು ತಡೆಯುವ ‘ವಿಂಡೋಸ್_ನೇಮ್ಸ್’ ಆಯ್ಕೆಯನ್ನೂ ಮರೆಯಬಾರದು. ಅದಿಲ್ಲದಿದ್ದರೆ ‘ಮೀಟಿಂಗ್ 10:30’ ಎಂಬ ಹೆಸರಿಗೆ ಲಿನಕ್ಸ್ ತಕರಾರು ಮಾಡದು. ವಿಂಡೋಸ್ ಕಡೆಯಿಂದ ಅದೇ ಫೈಲ್ ಕಾಣುತ್ತದೆ, ತೆರೆಯುವುದಿಲ್ಲ. ಆ ಎರಡು ಚುಕ್ಕಿಗಳನ್ನು ತೆಗೆಯಲು ಮತ್ತೆ ಲಿನಕ್ಸಿಗೇ ಬರಬೇಕು.