ಮಲಾವಿಯಲ್ಲಿ ಹತ್ತು ದಿನ, ಮತ್ತೆ ಮೂವತ್ತು ಮಾತ್ರೆ

ಚರ್ಚಲ್ಲಿ ಸಿಕ್ಕೋರೆಲ್ಲ ಅದೇ ಕೇಳೋದು, "ಏನಮ್ಮಾ, ಆಫ್ರಿಕಾ ಫೋಟೋ ಯಾವಾಗ ತೋರಿಸ್ತೀಯ?" ಅಂತ. ಫೋಟೋ ಇದಾವೆ, ನಾನೂರಕ್ಕಿಂತ ಜಾಸ್ತಿನೇ ಇದಾವೆ, ಆದ್ರೆ ಪ್ರೊಜೆಕ್ಟರಲ್ಲಿ ಹಾಕಿ ಅದ್ರ ಮುಂದೆ ನಿಂತು ಮಾತಾಡೋಕೆ ಯಾಕೋ ಮನಸ್ಸಾಗ್ತಿಲ್ಲ, ಅದಕ್ಕೇ ಇಲ್ಲಿ ಬರೀತಿದೀನಿ.

ಚರ್ಚಿನ ಕಡೆಯಿಂದ ಮಲಾವಿ ದೇಶಕ್ಕೆ ಮೆಡಿಕಲ್ ಕ್ಯಾಂಪಿಗೆ ಅಂತ ಒಂಬತ್ತು ಜನ ಹೋಗಿದ್ವಿ, ಮೂರು ಡಾಕ್ಟ್ರು, ನಾವು ನರ್ಸುಗಳು ನಾಲ್ಕು, ಇನ್ನಿಬ್ರು ಪ್ರಾರ್ಥನೆಗೂ ಅವ್ರೇ ಪೆಟ್ಟಿಗೆ ಹೊರೋಕೂ ಅವ್ರೇ. ಬೆಂಗಳೂರಿಂದ ಅಡಿಸ್ ಅಬಾಬಾ, ಅಲ್ಲಿಂದ ಮಲಾವಿ ರಾಜಧಾನಿ ಲಿಲಾಂಗ್ವೆ, ಆಮೇಲೆ ವ್ಯಾನಲ್ಲಿ ಸಲೀಮಾ ಕಡೆ, ಮಲಾವಿ ಸರೋವರದ ದಡದ ಹಳ್ಳಿಗಳು. ಆಫ್ರಿಕಾ ಅಂದ್ರೆ ಉರಿ ಬಿಸಿಲು ಅಂದ್ಕೊಂಡು ಬರೀ ಕಾಟನ್ ಬಟ್ಟೆ ತುಂಬ್ಕೊಂಡಿದ್ದೆ, ಜುಲೈ ಅಲ್ಲಿ ಚಳಿಗಾಲ ಅಂತೆ, ಲಿಲಾಂಗ್ವೆಯಲ್ಲಿ ಮೊದಲ್ನೇ ರಾತ್ರಿ ಗಡಗಡ ನಡುಗಿಬಿಟ್ಟೆ.

ಊಟಕ್ಕೇನೂ ತೊಂದ್ರೆ ಆಗ್ಲಿಲ್ಲ. ಎನ್ಸಿಮಾ ಅಂತಾರೆ, ಬಿಳೀ ಮುಸುಕಿನ ಜೋಳದ ಹಿಟ್ಟಿನ ಮುದ್ದೆ ಅಷ್ಟೇ, ಪಕ್ಕದಲ್ಲಿ ಸೊಪ್ಪು ಇಲ್ಲಾ ಉಸಿಪಾ ಅನ್ನೋ ಚಿಕ್ಕ ಒಣಮೀನು. ಮುದ್ದೆನ ಅವ್ರು ಅಗಿದು ತಿಂತಾರೆ, ನಾನು ಅಭ್ಯಾಸಬಲದಿಂದ ಗುಳುಂ ಅಂತ ನುಂಗಿದ್ದು ನೋಡಿ ಅಡುಗೆ ಮಾಡೋ ಮಾಯಿ (ದೊಡ್ಡ ಹೆಂಗಸರನ್ನ ಹಾಗೇ ಕರೆಯೋದು) ಗಾಬರಿಯಾಗಿ ನೀರಿನ ಲೋಟ ಹಿಡ್ಕೊಂಡು ಓಡಿಬಂದ್ರು.

ಕ್ಲಿನಿಕ್ ನಡೆದಿದ್ದು ಒಂದು ಸ್ಕೂಲಲ್ಲಿ. ಬೆಳಗ್ಗೆ ಆರಕ್ಕೇ ಸಾಲು, ಚಿತೆಂಜೆ ಬಟ್ಟೆಲಿ ಮಗೂನ ಬೆನ್ನಿಗೆ ಕಟ್ಕೊಂಡ ತಾಯಂದಿರು, ಪ್ರತಿಯೊಬ್ರ ಕೈಲೂ ಹೆಲ್ತ್ ಪಾಸ್‌ಪೋರ್ಟ್ ಅನ್ನೋ ಸಣ್ಣ ಪುಸ್ತಕ. ಯಾವತ್ತು ಜ್ವರ ಬಂತು, ಮಲೇರಿಯಾ ಟೆಸ್ಟ್ ಏನಾಯ್ತು, ಯಾವ ಮಾತ್ರೆ ಕೊಟ್ರು, ಎಲ್ಲಾ ಅದ್ರಲ್ಲೇ. ನಮ್ಮಲ್ಲಿ ಪ್ಲಾಸ್ಟಿಕ್ ಕವರ್ ತುಂಬ ಚೀಟಿ ತಂದು ಟೇಬಲ್ ಮೇಲೆ ಸುರೀತಾರಲ್ಲ, ಅದಕ್ಕಿಂತ ಸಾವಿರ ಪಾಲು ವಾಸಿ.

ಅಲ್ಲಿನ ಹೆಲ್ತ್ ಸೆಂಟರಿಂದ ಒಬ್ರು ಕ್ಲಿನಿಕಲ್ ಆಫೀಸರ್ ಬಂದಿದ್ರು. ಎಂಬಿಬಿಎಸ್ ಅಲ್ಲ, ಡಿಪ್ಲೊಮಾ ಓದಿರೋರು, ಆದ್ರೆ ಆ ದೇಶದ ಜಿಲ್ಲಾ ಆಸ್ಪತ್ರೆಗಳಲ್ಲಿ ಸಿಸೇರಿಯನ್ ಸಮೇತ ಬಹುಪಾಲು ಇವ್ರೇ ಮಾಡೋದು. ನಮ್ಮ ಡಾಕ್ಟ್ರು ಪುಸ್ತಕದಲ್ಲಿ ಓದಿದ್ದನ್ನ ಅವ್ರು ದಿನಾ ನೋಡಿದಾರೆ, ಎರಡನೇ ದಿನಕ್ಕೆ ಯಾರು ಯಾರನ್ನ ಕೇಳ್ಬೇಕು ಅಂತ ಎಲ್ರಿಗೂ ಗೊತ್ತಾಗೋಯ್ತು.

ಮೂರನೇ ದಿನ ಬಿಪಿ ಟೇಬಲ್ ನಂದು. ಒಬ್ಬ ಅಜ್ಜಿ, 190ಕ್ಕೆ 110. ಆಮ್ಲೋಡಿಪಿನ್ ಅನ್ನೋ ಬಿಪಿ ಮಾತ್ರೆ ಮೂವತ್ತು ಎಣಿಸಿ ಕವರಿಗೆ ಹಾಕಿ ಕೊಟ್ಟೆ, ಅಜ್ಜಿ ಎರಡೂ ಕೈ ತಟ್ಟಿ ಮಂಡಿ ಬಗ್ಗಿಸಿ "ಜಿಕೊಮೋ" (ಥ್ಯಾಂಕ್ಸ್) ಅಂದ್ರು, ನಂಗೂ ಖುಷಿ. ಪಕ್ಕದಲ್ಲಿದ್ದ ಆ ಆಫೀಸರ್ ಮೆಲ್ಲಗೆ ಕೇಳಿದ್ರು, "ಸಿಸ್ಟರ್, ಮುಂದಿನ ತಿಂಗಳು ಇವ್ರಿಗೆ ಯಾರು ಕೊಡ್ತಾರೆ? ನಮ್ಮ ಸೆಂಟರಲ್ಲಿ ಈಗ ಈ ಮಾತ್ರೆ ಇಲ್ಲ." ಬೈದಿದ್ದಲ್ಲ, ನಿಜವಾಗ್ಲೂ ಕೇಳಿದ್ದು. ಇಲ್ಲಿ ವಾರ್ಡಲ್ಲಿ "ಮಾತ್ರೆ ಮಧ್ಯ ಯಾಕೆ ಬಿಟ್ರಿ" ಅಂತ ಪೇಷಂಟಿಗೆ ಗದರಿಸೋಳು ನಾನೇ, ಅಲ್ಲಿ ಮಧ್ಯ ಬಿಡಿಸೋ ವ್ಯವಸ್ಥೆ ಮಾಡಿದೋಳೂ ನಾನೇ. ಅವತ್ತು ಸಾಯಂಕಾಲದ ತನಕ ಇನ್ನೂ ಎಷ್ಟು ಜನಕ್ಕೆ ಹಾಗೇ ಎಣಿಸಿ ಕೊಟ್ಟೆ ಅಂತ ನೆನಪಿಲ್ಲ, ಸಾಲು ಮುಂದೆ ಬರ್ತಾನೇ ಇತ್ತು.

ಎಲ್ಲಾ ವ್ಯರ್ಥ ಅಂತಲ್ಲ. ಆ ಸರೋವರದ ನೀರಲ್ಲಿ ಬಸವನಹುಳದಿಂದ ಬರೋ ಬಿಲ್ಹಾರ್ಜಿಯಾ ಅನ್ನೋ ಹುಳದ ಕಾಯಿಲೆ ಇದೆ, ಆಡೋ ಮಕ್ಕಳ ಚರ್ಮದೊಳಗೇ ಹುಳ ಹೊಕ್ಕುತ್ತೆ, ಉಚ್ಚೇಲಿ ರಕ್ತ ಹೋಗುತ್ತೆ. ಅದಕ್ಕೆ ಪ್ರಾಜಿಕ್ವಾಂಟೆಲ್ ಅನ್ನೋ ಮಾತ್ರೆ, ತೂಕದ ಮಿಷನ್ನೂ ಬೇಡ, ಗುರುತು ಹಾಕಿದ ಕೋಲಿಗೆ ಮಗೂನ ನಿಲ್ಲಿಸಿದ್ರೆ ಎತ್ತರಕ್ಕೆ ಇಷ್ಟು ಮಾತ್ರೆ ಅಂತ ಗೊತ್ತಾಗುತ್ತೆ, ಒಂದೇ ಸಲ ನುಂಗಿಸಿದ್ರೆ ಮುಗೀತು. ಕಹಿ ಅಂದ್ರೆ ಕಹಿ, ಒಬ್ಬ ಹುಡುಗ ನನ್ನ ಶೂ ಮೇಲೇ ಉಗುಳ್ದ. ಹತ್ತು ದಿನಕ್ಕೆ ಬರೋ ನಮ್ಮಂಥೋರು ಕೊಡಬಹುದಾದ ಔಷಧಿ ಅಂದ್ರೆ ಅದು. ಆದ್ರೂ ಸಂಜೆ ದಡಕ್ಕೆ ಹೋದ್ರೆ ಅದೇ ಮಕ್ಕಳು ಅದೇ ನೀರಲ್ಲಿ. ಇನ್ನೆಲ್ಲಿ ಆಡ್ಬೇಕು ಪಾಪ.

ವಾಪಸ್ ಬರ್ತಾ ಫ್ಲೈಟಲ್ಲಿ ನಿದ್ದೆ ಬರ್ಲಿಲ್ಲ. ಅದೇ ಸರೋವರಕ್ಕೆ 1875ರಲ್ಲಿ ಸ್ಕಾಟ್ಲೆಂಡಿಂದ ಬಂದ ರಾಬರ್ಟ್ ಲಾಸ್ ಅನ್ನೋ ಮಿಷನರಿ ಡಾಕ್ಟ್ರು ಊರಿಗೆ ಹೊರಟಿದ್ದು 1927ರಲ್ಲಿ. ನಮ್ಮ ಮೈಸೂರಿನ ಮಿಷನ್ ಆಸ್ಪತ್ರೆ 1906ರದ್ದು, ನಮ್ಮಜ್ಜಿ ಹುಟ್ಟಿದ್ದು ಅಲ್ಲೇ, ಕನ್ನಡ ಕಲಿತು ವರ್ಷಗಟ್ಟಲೆ ಇಲ್ಲೇ ಉಳಿದ ಬಿಳೀ ಡಾಕ್ಟರಮ್ಮಗಳ ಕಥೆ ಸಾಯೋವರೆಗೂ ಹೇಳ್ತಿದ್ರು. ನಾನು ಕಲಿತ ಚಿಚೆವಾ (ಅಲ್ಲಿನ ಭಾಷೆ) ಪದ ಒಟ್ಟು ಆರೋ ಏಳೋ.

ನಮ್ಮ ಚರ್ಚಿನ ಪಾದ್ರಿ ಅಯ್ಯನವರಿಗೆ ಇದನ್ನೆಲ್ಲಾ ಹೇಳ್ದೆ. ಅವ್ರು ಸುಮ್ನೆ ಕೇಳಿಸ್ಕೊಂಡು, "ಸರಿ ಕಣಮ್ಮ, ಹಾಗಾದ್ರೆ ಮುಂದಿನ ವರ್ಷ ಏನ್ ಮಾಡೋಣ, ನೀನೇ ಬರ್ಕೊಂಡು ಬಾ" ಅಂದ್ರು. ಒಂಬತ್ತು ಜನದ ಟಿಕೆಟ್ ದುಡ್ಡಲ್ಲಿ ಎಷ್ಟು ವರ್ಷದ ಬಿಪಿ ಮಾತ್ರೆ ಬರುತ್ತೆ ಅಂತ ನಮ್ಮ ಫಾರ್ಮಸಿ ಅಣ್ಣನ ಹತ್ರ ರೇಟ್ ಕೇಳಿದೀನಿ, ಅದನ್ನ ಅಲ್ಲಿಗೆ ಹೇಗೆ ತಲುಪಿಸೋದು ಅಂತ ಆ ಕ್ಲಿನಿಕಲ್ ಆಫೀಸರಿಗೆ ವಾಟ್ಸಾಪ್ ಮಾಡಿದೀನಿ. ಕಮಿಟಿ ಮೀಟಿಂಗ್ ಬರೋ ಭಾನುವಾರ ಆರಾಧನೆ ಮುಗಿದ್ಮೇಲೆ. ಸ್ಲೈಡ್ ಶೋ ಬೇಕೇ ಬೇಕು ಅಂದ್ರೆ ಆ ಲೆಕ್ಕದ ಹಾಳೇನೇ ಹಾಕ್ತೀನಿ.