ಎಣ್ಣೆ ಇಲ್ಲದ ಮನೆಯಲ್ಲಿ ಡೋನಟ್ ಹೋಲ್

ಕೆನಡಾದ ಹ್ಯಾಮಿಲ್ಟನ್‌ಗೆ ಬಂದ ಮೊದಲ ವಾರ ನಮ್ಮ ಮನೆಯವರ ಆಫೀಸಿನವರೊಬ್ಬರು ನೋಡಿಕೊಂಡು ಹೋಗಲು ಬಂದಿದ್ದರು. ಕೈಯಲ್ಲೊಂದು ಹಿಡಿಕೆ ಇರುವ ರಟ್ಟಿನ ಡಬ್ಬಿ. ಬಿಚ್ಚಿದರೆ ಒಳಗೆ ನೆಲ್ಲಿಕಾಯಿಗಿಂತ ತುಸು ದೊಡ್ಡದಾದ ಹತ್ತು ಉಂಡೆ. ಕೆಲವಕ್ಕೆ ಸಕ್ಕರೆ ಪಾಕದ ಹೊಳಪು, ಕೆಲವು ಚಾಕೊಲೇಟ್ ಬಣ್ಣದವು. "ಟಿಮ್‌ಬಿಟ್ಸ್" ಅಂದರು. ಯಾರ ಮನೆಗಾದರೂ ಹೋಗುವಾಗ, ಆಫೀಸಿನಲ್ಲಿ ಯಾರದಾದರೂ ಹುಟ್ಟುಹಬ್ಬ ಬಂದಾಗ, ಮಕ್ಕಳ ಆಟ ಮುಗಿದಾಗ ಕೆನಡಾದಲ್ಲಿ ಈ ಡಬ್ಬಿ ಬಂದೇ ಬರುತ್ತದೆ ಎನ್ನುವುದು ಆಮೇಲೆ ಗೊತ್ತಾಯಿತು. ಆ ದಿನ ಊರಿಗೊಂದೇ ಪರಿಚಯದ ಮುಖ, ಮೇಜಿನ ಮೇಲೆ ಆ ಡಬ್ಬಿ. ಅದರ ರುಚಿ ನನ್ನ ನಾಲಿಗೆಯಲ್ಲಿ ಉಳಿದದ್ದಕ್ಕೆ ಅದೂ ಒಂದು ಕಾರಣ.

ಡೋನಟ್ ಬಳೆಯ ಹಾಗೆ ಇರುತ್ತದಲ್ಲ, ಅದರ ನಡುವಿನಿಂದ ಕತ್ತರಿಸಿ ತೆಗೆದ ತುಂಡಿಗೆ ಇಲ್ಲಿ ಡೋನಟ್ ಹೋಲ್ ಎನ್ನುತ್ತಾರೆ. ಹೆಸರು ತೂತಿನದು, ತಿನ್ನುವುದು ತೂತಿನಿಂದ ಹೊರಬಂದ ಉಂಡೆಯನ್ನು. ನಡುವೆ ತೂತು ಬೇಕಾಗಿದ್ದಕ್ಕೂ ಕಾರಣವಿದೆ. ದಪ್ಪ ಹಿಟ್ಟನ್ನು ಇಡಿಯಾಗಿ ಕರಿದರೆ ಅಂಚು ಕಂದಾಗುವಷ್ಟರಲ್ಲಿ ನಡುಭಾಗ ಹಸಿಯಾಗಿಯೇ ಉಳಿಯುತ್ತದೆ. ನಡುವನ್ನು ತೆಗೆದುಬಿಟ್ಟರೆ ಎರಡೂ ಕಡೆಯಿಂದ ಶಾಖ ತಾಗಿ ಸಮನಾಗಿ ಬೇಯುತ್ತದೆ. ತೆಗೆದ ತುಂಡು ಚಿಕ್ಕದಾದ್ದರಿಂದ ಅದೂ ಚೆನ್ನಾಗಿ ಬೇಯುತ್ತದೆ. ಈ ಕೊನೆಯ ಮಾತು ನೆನಪಿರಲಿ, ಏರ್ ಫ್ರೈಯರ್‌ನಲ್ಲಿ ಇದನ್ನು ಮಾಡಲು ಹೊರಟಾಗ ನನ್ನ ಕೈಹಿಡಿದದ್ದು ಇದೇ.

ನಾವಿರುವ ಊರಿಗೂ ಈ ಉಂಡೆಗೂ ನಂಟಿದೆ. ಟೊರಾಂಟೊ ಮೇಪಲ್ ಲೀಫ್ಸ್ ತಂಡದ ಐಸ್ ಹಾಕಿ ಆಟಗಾರ ಟಿಮ್ ಹಾರ್ಟನ್ ಅವರ ಹೆಸರಿನ ಡೋನಟ್ ಅಂಗಡಿ 1964ರಲ್ಲಿ ಶುರುವಾಗಿದ್ದು ಇದೇ ಹ್ಯಾಮಿಲ್ಟನ್ನಿನ ಒಟ್ಟಾವಾ ಸ್ಟ್ರೀಟ್ ನಾರ್ತ್‌ನಲ್ಲಿ. ಹಾರ್ಟನ್ 1974ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡರು. ಆ ಅಂಗಡಿ ಟಿಮ್‌ಬಿಟ್ಸ್ ತಂದದ್ದು 1976ರಲ್ಲಿ. ತಮ್ಮ ಹೆಸರು ಹೊತ್ತ ಈ ಪುಟ್ಟ ಉಂಡೆಯನ್ನು ಅವರು ನೋಡಲೇ ಇಲ್ಲ. ಈಗ ಇಲ್ಲಿ ನಾಲ್ಕೈದು ವರ್ಷದ ಮಕ್ಕಳು ಹಾಕಿಯನ್ನೋ ಸಾಕರ್ ಅನ್ನೋ ಮೊದಲು ಕಲಿಯುವ ತಂಡಗಳಿಗೂ ಟಿಮ್‌ಬಿಟ್ಸ್ ಎಂದೇ ಹೆಸರು. ನನ್ನ ಮಗ ಕಳೆದ ಬೇಸಿಗೆಯಲ್ಲಿ ಟಿಮ್‌ಬಿಟ್ಸ್ ಸಾಕರ್ ಆಡಿದ. ಮೊಣಕಾಲಿನವರೆಗೆ ಬರುವ ಜೆರ್ಸಿ ತೊಟ್ಟು ಚೆಂಡಿನ ಹಿಂದೆ ಗುಂಪಾಗಿ ಓಡುವ ಆ ಮಕ್ಕಳಿಗೆ ಅದಕ್ಕಿಂತ ಒಪ್ಪುವ ಹೆಸರು ಸಿಗಲಾರದು.

ಅಂಗಡಿ ಹತ್ತಿರವೇ ಇದ್ದ ಮೇಲೆ ಮನೆಯಲ್ಲಿ ಯಾಕೆ ಮಾಡಬೇಕು? ಜನವರಿಯಲ್ಲಿ ಇಲ್ಲಿಗೆ ಬಂದು ಒಂದು ವಾರ ಇದ್ದರೆ ಈ ಪ್ರಶ್ನೆ ಏಳುವುದಿಲ್ಲ. ಹೊರಗೆ ಮೈನಸ್ 15, ಒಂಟಾರಿಯೊ ಸರೋವರದ ಕಡೆಯಿಂದ ಗಾಳಿ. ಮಗುವಿಗೆ ಹಿಮದ ಪ್ಯಾಂಟು, ಬೂಟು, ಕೈಗವಸು, ಟೋಪಿ ಹಾಕಿ ಹೊರಡುವಷ್ಟರಲ್ಲಿ ಇಪ್ಪತ್ತು ನಿಮಿಷ ಹೋಗಿರುತ್ತದೆ. ಶನಿವಾರ ಮಧ್ಯಾಹ್ನ ಮನೆಯಲ್ಲೇ ಬಿಸಿಬಿಸಿ ಏನಾದರೂ ಬೇಕೆನಿಸುತ್ತದೆ. ಅಂಗಡಿಯದು ಎಷ್ಟೇ ಚೆನ್ನಾಗಿದ್ದರೂ ಕೈ ಸುಡುವಷ್ಟು ಬಿಸಿಯಾಗಿ ಸಿಗುವುದಿಲ್ಲ.

ಮೊದಲ ಸಲ ಕರಿಯಲು ಹೋದೆ. ನಮ್ಮದು ಅಪಾರ್ಟ್‌ಮೆಂಟಿನ ಅಡುಗೆಮನೆ. ಒಲೆಯ ಮೇಲಿರುವ ಫ್ಯಾನ್ ಗಾಳಿಯನ್ನು ಹೊರಗೆ ಕಳಿಸುವುದಿಲ್ಲ, ಎಳೆದುಕೊಂಡು ಮತ್ತೆ ಒಳಗೇ ಬಿಡುತ್ತದೆ. ಚಳಿಗಾಲದಲ್ಲಿ ಕಿಟಕಿ ತೆಗೆಯುವಂತಿಲ್ಲ. ಎರಡನೇ ಸಲ ಹಾಕುವಷ್ಟರಲ್ಲಿ ಹೊಗೆ ಅಲಾರಂ ಕೂಗಿಕೊಂಡಿತು. ಮಗ ಕಿವಿ ಮುಚ್ಚಿಕೊಂಡು ಅತ್ತ. ಮನೆಯವರು ಕುರ್ಚಿ ಹತ್ತಿ ಟವೆಲ್ ಬೀಸಿದರು. ಬಾಗಿಲ ಬಳಿ ನೇತುಹಾಕಿದ್ದ ಚಳಿಗಾಲದ ಜಾಕೆಟ್ಟುಗಳಲ್ಲಿ ಎಣ್ಣೆಯ ವಾಸನೆ ಮೂರು ವಾರ ಇತ್ತು. ಉಳಿದ ಎಣ್ಣೆಯನ್ನು ಸಿಂಕಿಗೆ ಸುರಿಯುವಂತಿಲ್ಲ, ಅದನ್ನೇನು ಮಾಡುವುದೆಂಬ ಯೋಚನೆ ಬೇರೆ. ಏರ್ ಫ್ರೈಯರ್ ಕೊಂಡದ್ದು ಅದಾದ ಮೇಲೆ.

ಹೆಸರಿನಲ್ಲಿ ಫ್ರೈ ಇದ್ದರೂ ಅದು ಕರಿಯುವ ಯಂತ್ರವಲ್ಲ. ಮೇಲೆ ಕಾಯುವ ಕಾಯಿಲ್, ಅದರ ಮೇಲೊಂದು ಫ್ಯಾನ್, ಕೆಳಗೆ ರಂಧ್ರಗಳಿರುವ ಬುಟ್ಟಿ. ಬಿಸಿಗಾಳಿಯನ್ನು ರಭಸವಾಗಿ ತಿರುಗಿಸುವ ಪುಟ್ಟ ಓವನ್ ಅಷ್ಟೇ. ನಾನು ಇದನ್ನು ಒಪ್ಪಿಕೊಳ್ಳದೆ ಕರಿಯುವ ಲೆಕ್ಕದಲ್ಲೇ ಮಾಡಿದೆ. ಬಾಣಲೆಗೆ ಬಿಡುವ ಹಾಗೆ ಸಡಿಲವಾದ ಹಿಟ್ಟು ಕಲಸಿ ಬುಟ್ಟಿಗೆ ಹಾಕಿದರೆ ರಂಧ್ರಗಳಿಂದ ಕೆಳಗಿಳಿದು ಅಲ್ಲೇ ಗಟ್ಟಿಯಾಯಿತು. ಎಣ್ಣೆ ಹಿಟ್ಟನ್ನು ಮುಟ್ಟಿದ ಕ್ಷಣವೇ ಸುತ್ತಲೂ ಹೊದಿಕೆ ಕಟ್ಟಿಬಿಡುತ್ತದೆ, ಗಾಳಿಗೆ ಆ ಶಕ್ತಿ ಇಲ್ಲ. ಎರಡನೇ ಸಲ ಹಿಟ್ಟು ಗಟ್ಟಿಯಾಗಿಯೇ ಕಲಸಿ, ಉಂಡೆಯನ್ನು ದೊಡ್ಡದು ಮಾಡಿದೆ. ಹೊರಗೆ ಒಣಗಿದ ಸಿಪ್ಪೆ, ಒಳಗೆ ಹಿಟ್ಟುಹಿಟ್ಟು. ಸಕ್ಕರೆಯಲ್ಲಿ ಹೊರಳಿಸಿದರೆ ಒಂದು ಕಾಳೂ ಅಂಟಲಿಲ್ಲ.

ಆ ಹೊತ್ತಿಗೆ ಅಮ್ಮನ ವಿಡಿಯೊ ಕಾಲ್ ಬಂತು.

"ಏನೇ ಅದು, ಎಣ್ಣೆನೇ ಇಲ್ದೆ ಕರೀತಿದ್ದೀಯಾ?"

"ಗಾಳೀಲಿ ಬೇಯುತ್ತಮ್ಮ."

"ಗಾಳೀಲಿ ಬೆಂದ್ರೆ ಅದು ಬನ್ ಆಗುತ್ತೆ ಕಣೇ. ಬನ್ನಿಗೆ ಬೆಣ್ಣೆ ಹಚ್ಚಲ್ವಾ ಮತ್ತೆ?"

ಅಮ್ಮ ಡೋನಟ್ ತಿಂದವಳಲ್ಲ. ಆದರೂ ಒಂದೇ ಮಾತಿನಲ್ಲಿ ವಿಷಯ ಬಿಡಿಸಿಟ್ಟಳು. ಕರಿಯುವಾಗ ಎಣ್ಣೆ ಎರಡು ಕೆಲಸ ಮಾಡುತ್ತದೆ. ಬೇಯಿಸುವುದು ಒಂದು, ಮೇಲ್ಮೈಗೆ ಜಿಡ್ಡು ಕೊಟ್ಟು ಮೆತ್ತಗೆ ರುಚಿಯಾಗಿ ಇಡುವುದು ಇನ್ನೊಂದು. ಮೊದಲನೆಯದನ್ನು ಗಾಳಿ ಮಾಡುತ್ತದೆ. ಎರಡನೆಯದನ್ನು ನಾವೇ ಕೈಯಾರೆ ಮಾಡಬೇಕು, ಅದೂ ಸರಿಯಾದ ಹೊತ್ತಿಗೆ.

ಈಗ ನಾನು ಮಾಡುವುದು ಹೀಗೆ. 250 ಗ್ರಾಂ ಮೈದಾ, 120 ಮಿ.ಲೀ. ಉಗುರುಬೆಚ್ಚಗಿನ ಹಾಲು, ಒಂದೂವರೆ ಟೀ ಚಮಚ ಇನ್‌ಸ್ಟಂಟ್ ಯೀಸ್ಟ್, 35 ಗ್ರಾಂ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಒಂದು ಮೊಟ್ಟೆ, 40 ಗ್ರಾಂ ಮೆತ್ತಗಾದ ಬೆಣ್ಣೆ. ಮೊಟ್ಟೆ ಬೇಡದವರು ಅದರ ಬದಲು ನಾಲ್ಕು ದೊಡ್ಡ ಚಮಚ ಗಟ್ಟಿ ಮೊಸರು ಹಾಕಿಕೊಳ್ಳಬಹುದು, ನಾನು ಎರಡೂ ಮಾಡಿದ್ದೇನೆ. ಹಾಲು ಬೆರಳು ಅದ್ದಿ ಹಿಡಿಯುವಷ್ಟು ಬೆಚ್ಚಗಿದ್ದರೆ ಸಾಕು, ಸುಡುವ ಹಾಲಿನಲ್ಲಿ ಯೀಸ್ಟ್ ಸತ್ತುಹೋಗುತ್ತದೆ. ಬೆಣ್ಣೆ ಬಿಟ್ಟು ಉಳಿದದ್ದೆಲ್ಲ ಕಲಸಿ, ಹಿಟ್ಟು ಒಂದಾದ ಮೇಲೆ ಬೆಣ್ಣೆ ಸ್ವಲ್ಪಸ್ವಲ್ಪವಾಗಿ ಸೇರಿಸುತ್ತ ಹತ್ತು ನಿಮಿಷ ನಾದಬೇಕು. ಮೊದಲು ಕೈಗೆ ಅಂಟುತ್ತದೆ. ಇನ್ನಷ್ಟು ಮೈದಾ ಸುರಿಯಲು ಕೈ ಹೋಗುತ್ತದೆ, ಸುರಿಯಬೇಡಿ. ಇಲ್ಲಿನ ಮೈದಾ ಆಲ್ಬರ್ಟಾ, ಸಾಸ್ಕಾಚೆವಾನ್, ಮ್ಯಾನಿಟೋಬ ಬಯಲುಗಳ ಗಟ್ಟಿ ಗೋಧಿಯದು, ಪ್ರೋಟೀನ್ ಹೆಚ್ಚು. ನಾದಿದಷ್ಟೂ ತಾನೇ ಬಿಗಿಯಾಗುತ್ತದೆ. ಏಳೆಂಟು ನಿಮಿಷ ಕಳೆದ ಮೇಲೆ ಒಂದು ಗಳಿಗೆ ಬರುತ್ತದೆ: ಅಲ್ಲಿಯವರೆಗೆ ಬೆರಳಿಗೆ ಮೆತ್ತಿಕೊಂಡಿದ್ದ ಹಿಟ್ಟು ಬೆರಳನ್ನು ಬಿಟ್ಟು, ತನ್ನದೇ ಮೈ ಸೇರಿಕೊಂಡು ನುಣ್ಣಗಾಗುತ್ತದೆ. ಅಲ್ಲಿಗೆ ನಿಲ್ಲಿಸುತ್ತೇನೆ.

ಚಳಿಗಾಲದಲ್ಲಿ ಹಿಟ್ಟು ಉಬ್ಬಿಸುವುದಕ್ಕೆ ಇಲ್ಲಿನ ನಮ್ಮವರೆಲ್ಲ ಬಲ್ಲ ಉಪಾಯವೊಂದಿದೆ. ಓವನ್ ಹಚ್ಚುವುದಿಲ್ಲ, ಒಳಗಿನ ದೀಪ ಮಾತ್ರ ಹಾಕಿ ಪಾತ್ರೆ ಇಟ್ಟು ಬಾಗಿಲು ಮುಚ್ಚುವುದು. ಆ ಒಂದು ಬಲ್ಬಿನ ಕಾವು ಸಾಕು. ನನಗೆ ಅದನ್ನು ಹೇಳಿಕೊಟ್ಟವರು ಇಲ್ಲಿನ ಕನ್ನಡದ ಹಿರಿಯರೊಬ್ಬರು, ದೋಸೆ ಹಿಟ್ಟಿಗಾಗಿ. ಡೋನಟ್ ಹಿಟ್ಟು ಅಲ್ಲಿ ಒಂದು ಗಂಟೆಯಲ್ಲಿ ಎರಡರಷ್ಟಾಗುತ್ತದೆ. ಆಮೇಲೆ ತಲಾ 20 ಗ್ರಾಮಿನ ಉಂಡೆ ಮಾಡಿದರೆ 25 ಬರುತ್ತವೆ. ಬಟ್ಟೆ ಮುಚ್ಚಿ ಇನ್ನರ್ಧ ಗಂಟೆ ಬಿಡಬೇಕು. ಬೆರಳಿನಿಂದ ಮೆಲ್ಲಗೆ ಒತ್ತಿದಾಗ ಗುಳಿ ನಿಧಾನವಾಗಿ ಮೇಲೆ ಬಂದರೆ ಹದ. ತಟ್ಟನೆ ಪುಟಿದರೆ ಇನ್ನೂ ಹೊತ್ತಿದೆ. ಈ ಎರಡನೇ ಉಬ್ಬನ್ನು ಅವಸರ ಮಾಡಿದ ದಿನವೆಲ್ಲ ನನ್ನ ಉಂಡೆ ಒಂದು ಬದಿಗೆ ಒಡೆದಿವೆ.

ಏರ್ ಫ್ರೈಯರ್ ಅನ್ನು ಮೂರು ನಿಮಿಷ ಮೊದಲೇ ಕಾಯಿಸುತ್ತೇನೆ, 350 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 175 ಸೆಲ್ಸಿಯಸ್. (ಈ ದೇಶದಲ್ಲಿ ಹವಾಮಾನ ಸೆಲ್ಸಿಯಸ್ಸಿನಲ್ಲಿ, ಓವನ್ ಫ್ಯಾರನ್‌ಹೀಟಿನಲ್ಲಿ. ಎರಡು ಲೆಕ್ಕವೂ ತಲೆಯಲ್ಲಿರಬೇಕು.) ಬುಟ್ಟಿಗೆ ಎಣ್ಣೆ ಸವರಿ, ಉಂಡೆಗಳ ಮೇಲೂ ತೆಳುವಾಗಿ ಬೆಣ್ಣೆ ಹಚ್ಚಿ, ಎಂಟೋ ಒಂಬತ್ತೋ ಉಂಡೆಗಳನ್ನು ಒಂದಕ್ಕೊಂದು ತಾಗದಂತೆ ಇಡುತ್ತೇನೆ. ತುಂಬಿ ತುಳುಕುವಂತೆ ಇಟ್ಟರೆ ನಡುವೆ ಗಾಳಿ ಆಡುವುದಿಲ್ಲ, ತಾಗಿದ ಜಾಗವೆಲ್ಲ ಬೆಳ್ಳಗೆ ಉಳಿಯುತ್ತದೆ. ಐದು ನಿಮಿಷ ಸಾಕು. ಬೇಕಿಂಗ್ ಪೇಪರ್ ಹಾಸುವವರು ಒಂದು ಎಚ್ಚರ ವಹಿಸಿ: ಉಂಡೆ ಇಡುವ ಮೊದಲು ಬರಿ ಕಾಗದವನ್ನು ಒಳಗಿಟ್ಟು ಕಾಯಿಸಬೇಡಿ. ಫ್ಯಾನಿನ ಗಾಳಿಗೆ ಎದ್ದು ಮೇಲಿನ ಕಾಯಿಲಿಗೆ ತಾಗಿದರೆ ಹೊತ್ತಿಕೊಳ್ಳುತ್ತದೆ.

ಬುಟ್ಟಿ ಹೊರಗೆಳೆದ ಮೇಲಿನ ಒಂದು ನಿಮಿಷವೇ ಇಡೀ ತಿಂಡಿ. ಪಕ್ಕದಲ್ಲಿ ಕರಗಿಸಿದ ಬೆಣ್ಣೆಯ ಬಟ್ಟಲು, ಅದರಾಚೆ ಅರ್ಧ ಬಟ್ಟಲು ಸಕ್ಕರೆಗೆ ಒಂದು ಟೀ ಚಮಚ ಚಕ್ಕೆ ಪುಡಿ ಬೆರೆಸಿದ ತಟ್ಟೆ ಮೊದಲೇ ಸಿದ್ಧವಿರಬೇಕು. ಉಂಡೆಯನ್ನು ಬೆಣ್ಣೆಯಲ್ಲಿ ಪೂರ್ತಿ ಹೊರಳಿಸಿ, ಹಾಗೇ ಸಕ್ಕರೆಗೆ. ಬಿಸಿ ಇರುವಾಗಲೇ ಬೆಣ್ಣೆ ಆ ಒಣ ಸಿಪ್ಪೆಯೊಳಗೆ ಇಳಿದು ಅದನ್ನು ಮೆತ್ತಗೆ ಮಾಡುತ್ತದೆ. ನಾಲ್ಕು ನಿಮಿಷ ತಡವಾದರೂ ಬೆಣ್ಣೆ ಮೇಲೆಯೇ ನಿಂತುಬಿಡುತ್ತದೆ. ಅಂಗಡಿಯ ಹೊಳಪು ಬೇಕಿದ್ದರೆ ಒಂದು ಕಪ್ ಐಸಿಂಗ್ ಶುಗರ್‌ಗೆ ಎರಡು ದೊಡ್ಡ ಚಮಚ ಹಾಲು ಕಲಸಿ ಅದ್ದಬಹುದು. ಅದಕ್ಕೆ ಮಾತ್ರ ಉಂಡೆ ಉಗುರುಬೆಚ್ಚಗಾಗುವವರೆಗೆ ಕಾಯಬೇಕು, ಇಲ್ಲದಿದ್ದರೆ ಪಾಕ ಜಾರಿ ತಟ್ಟೆ ಸೇರುತ್ತದೆ.

ಯೀಸ್ಟ್ ಇಲ್ಲದೆ, ಗಟ್ಟಿ ಮೊಸರು, ಮೈದಾ, ಬೇಕಿಂಗ್ ಪೌಡರ್ ಕಲಸಿ ಇಪ್ಪತ್ತು ನಿಮಿಷದಲ್ಲಿ ಮುಗಿಸುವ ದಾರಿಯೂ ಇದೆ. ಬಿಸಿಯಾಗಿ ತಿಂದರೆ ಚೆನ್ನ, ತಣಿದರೆ ರಬ್ಬರಿನಂತೆ ಜಗಿಯಬೇಕು. ಡಬ್ಬಿಯಲ್ಲಿ ಸಿಗುವ ಬಿಸ್ಕಿಟ್ (ಇಲ್ಲಿ ಅದು ಮೆತ್ತನೆಯ ಬನ್ನಿನಂಥದ್ದು) ಹಿಟ್ಟನ್ನೇ ಕತ್ತರಿಸಿ ಹಾಕುವವರು ಇಲ್ಲಿ ಬಹಳ ಜನ. ಸಮಯವಿಲ್ಲದವರಿಗೆ ಅದು ಸರಿ, ನನಗೆ ಅದರ ಉಪ್ಪು ಹಿಡಿಸಲಿಲ್ಲ.

ಇಷ್ಟೆಲ್ಲ ಹದಕ್ಕೆ ಬಂದ ಮೇಲೂ ಏನೋ ಒಂದು ಕಡಿಮೆ ಇತ್ತು. ಮೆತ್ತಗಿತ್ತು, ಸಿಹಿಯಿತ್ತು, ಡೋನಟ್ ಅನ್ನಿಸುತ್ತಿರಲಿಲ್ಲ. ಒಂದು ತಟ್ಟೆಯನ್ನು ಎದುರುಮನೆಯ ಹಿರಿಯ ಹೆಂಗಸಿಗೆ ಕೊಟ್ಟೆ. ಎಂಬತ್ತರ ಹತ್ತಿರದವರು, ಒಬ್ಬರೇ ಇರುತ್ತಾರೆ, ಹುಟ್ಟಿ ಬೆಳೆದದ್ದು ಒಂಟಾರಿಯೊದ ಹೊಲದ ಮನೆಯಲ್ಲಿ. ಒಂದನ್ನು ಮುರಿದು ಮೂಗಿಗೆ ಹಿಡಿದರು. "ಚಕ್ಕೆ ಸಾಲದು. ಹಿಟ್ಟಿಗೆ ಜಾಯಿಕಾಯಿ ಹಾಕಿಲ್ಲ ನೀನು" ಅಂದರು. ಅವರ ತಾಯಿ ಹಂದಿ ಕೊಬ್ಬು ಕಾಯಿಸಿ ಡೋನಟ್ ಕರಿಯುತ್ತಿದ್ದರಂತೆ. ಕಾವು ಹದವಾಗಿದೆಯೇ ಎಂದು ನೋಡಲು ಮೊದಲು ಬಿಡುತ್ತಿದ್ದದ್ದು ನಡುವಿನ ತೂತುಗಳನ್ನು. ಅವು ಒಲೆಯ ಪಕ್ಕ ಕಾದು ನಿಂತ ಮಕ್ಕಳ ಪಾಲು. "ದೊಡ್ಡವರಿಗೆ ಬಳೆ, ನಮಗೆ ತೂತು" ಎಂದು ತೋರುಬೆರಳು ಹೆಬ್ಬೆರಳು ಸೇರಿಸಿ ಅದರ ಗಾತ್ರ ತೋರಿಸಿದರು. ಆ ಬೆರಳುಗಳು ಗಂಟುಗಂಟಾಗಿ ಬಾಗಿದ್ದವು. ತೋರಿಸಿದ ಗಾತ್ರ ಮಾತ್ರ ಒಂದಿಷ್ಟೂ ಅಲುಗಲಿಲ್ಲ.

ಮುಂದಿನ ಸಲ ಹಿಟ್ಟಿಗೆ ಕಾಲು ಟೀ ಚಮಚ ಜಾಯಿಕಾಯಿ ತುರಿದು ಹಾಕಿದೆ. ಅಮ್ಮ ನಮಗೆ ಕೊಟ್ಟು ಕಳಿಸಿದ್ದ ಮಸಾಲೆ ಡಬ್ಬಿಯಲ್ಲೇ ಇತ್ತು ಅದು, ಎರಡು ವರ್ಷದಿಂದ ಮುಟ್ಟಿರಲಿಲ್ಲ. ಬುಟ್ಟಿ ಎಳೆದ ಕೂಡಲೇ ಅಡುಗೆಮನೆ ತುಂಬ ಡೋನಟ್ ಅಂಗಡಿಯ ವಾಸನೆ. ಮಗ ಕೋಣೆಯಿಂದ ಓಡಿ ಬಂದ.

ಕಳೆದ ತಿಂಗಳು ಎದುರುಮನೆಯವರು ಬಾಗಿಲು ತಟ್ಟಿ ಒಂದು ಸಣ್ಣ ಪೊಟ್ಟಣ ಕೊಟ್ಟರು. ಒಳಗೆ ಅವರ ತಾಯಿಯ ಕಾಲದ ತಗಡಿನ ಕಟ್ಟರ್. ಹೊರಗೆ ದೊಡ್ಡ ಉಂಗುರ, ನಡುವೆ ಚಿಕ್ಕದು, ಮೇಲೆ ಮರದ ಹಿಡಿ. ಹಿಡಿಯ ಕೆಂಪು ಬಣ್ಣ ಹೆಬ್ಬೆರಳು ಕೂರುವ ಕಡೆ ಮಾತ್ರ ಸವೆದು ಮರ ಕಾಣುತ್ತದೆ. "ಉಂಡೆ ಕಟ್ಟಿದರೆ ತೂತಾಗುವುದಿಲ್ಲ, ಕತ್ತರಿಸಬೇಕು" ಅಂದರು. ವಾಪಸು ಕೊಡುವುದು ಬೇಡವೆಂದರು.

ಈ ಭಾನುವಾರ ಹಿಟ್ಟನ್ನು ಒಂದೂವರೆ ಸೆಂಟಿಮೀಟರ್ ದಪ್ಪಕ್ಕೆ ಲಟ್ಟಿಸಿ ಅದರಿಂದ ಕತ್ತರಿಸಿದೆ. ಎಂಟು ಬಳೆ ಬಂದವು, ಎಂಟು ತೂತು. ತೂತುಗಳು ನಾಲ್ಕೇ ನಿಮಿಷದಲ್ಲಿ ಬೆಂದವು, ಬಳೆಗೆ ಆರು ಬೇಕಾಯಿತು. ಬೆಣ್ಣೆ ಹಚ್ಚುವ ಕೆಲಸ ಮಗನದು, ಸಕ್ಕರೆಯದೂ ಅವನದೇ. ನಾಲ್ಕು ಬಳೆ ತಟ್ಟೆಗಿಟ್ಟು ಎದುರುಮನೆಗೆ ಒಯ್ದೆ. ಅವರು ತಟ್ಟೆಯ ಮೇಲಿನ ಬಟ್ಟೆ ಸರಿಸಿ ನೋಡಿದರು, ನನ್ನ ಹಿಂದೆ ನಿಂತಿದ್ದ ಮಗನನ್ನೂ ನೋಡಿದರು.

"ತೂತುಗಳೆಲ್ಲಿ?"

ಮಗ ಬೆನ್ನ ಹಿಂದಿದ್ದ ಕೈ ಮುಂದೆ ತಂದು ಬಿಚ್ಚಿದ. ಅಂಗೈಯಲ್ಲಿ ಎರಡಿದ್ದವು. ಒಂದನ್ನು ಅವರಿಗೆ ಕೊಟ್ಟ.